ಟಿಂಕರಿಂಗ್ ಆಗದ ಪಿಕಪ್ಪು

ನಮ್ಮ ಕಾಸರಗೋಡು ಕಡೆ ಹಳೆ ಗಾಡಿ ಮಾರಲು ಇಟ್ಟರೆ ಮೊದಲು ಬರುವುದು ಗಿರಾಕಿಯಲ್ಲ, ಸಲಹೆ. ಅದೂ ಎಲ್ಲರದ್ದೂ ಒಂದೇ ಸಲಹೆ. "ತಗ್ಗು, ತೂತು ಮುಚ್ಚಿಸಿ ಒಂದು ಟಿಂಕರಿಂಗ್ ಮಾಡಿಸಿ, ಪೇಂಟ್ ಹೊಡೆಸಿ ಬಿಡಿ ಮಾರಾಯ್ರೇ, ಕ್ರಯ ಡಬಲ್ ಸಿಗ್ತದೆ." ಗಾಡಿ ಬಿಡಿ, ಜನ್ಮದಲ್ಲಿ ಒಂದು ಸೈಕಲ್ ಮಾರದವರೂ ಇದನ್ನೇ ಹೇಳುತ್ತಾರೆ.

ದೊಡ್ಡಪ್ಪನ ಮಹೀಂದ್ರಾ ಎಫ್‌ಸಿ ಪಿಕಪ್ಪಿಗೂ ಇದೇ ಸಲಹೆ ಬಂತು. ಈಗಿನ ಹುಡುಗರಿಗೆ ಎಫ್‌ಸಿ ಅಂದರೆ ಗೊತ್ತಾಗಲಿಕ್ಕಿಲ್ಲ. ಫಾರ್ವರ್ಡ್ ಕಂಟ್ರೋಲ್, ಅಂದರೆ ಮೂತಿ ಇಲ್ಲದ ಜೀಪು. ಇಂಜಿನ್ ಮುಂದೆ ಇರುವುದಿಲ್ಲ, ಡ್ರೈವರ್ ಮತ್ತು ಪಕ್ಕ ಕೂತವನ ನಡುವೆ ಒಂದು ತಗಡಿನ ಮುಚ್ಚಳದಡಿ ಇರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದರ ಬಿಸಿ ಸುಖ. ಎಪ್ರಿಲಿನಲ್ಲಿ ತೊಡೆ ಬೇಯುತ್ತದೆ. ಅಮೆರಿಕದಲ್ಲಿ ವಿಲ್ಲಿಸ್ ಕಂಪೆನಿ 1957ರ ಮಾಡೆಲ್ ಎಂದು ಇದನ್ನು ಹೊರಗೆ ಬಿಟ್ಟಿತು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಅಲ್ಲಿ 1965ಕ್ಕೇ ಇದರ ಕತೆ ಮುಗಿಯಿತು. ಮಹೀಂದ್ರಾದವರು ಮಾತ್ರ ಬಿಡಲಿಲ್ಲ, ಆಮೇಲೂ ವರ್ಷಗಟ್ಟಲೆ ಇಲ್ಲಿ ಮಾಡಿದರು. ಎಲ್ಲ ಎಫ್‌ಸಿಗೂ ನಾಲ್ಕೂ ಚಕ್ರ ಎಳೆಯುವ ಫೋರ್‌ವೀಲ್ ಇರಲಿಲ್ಲ. ದೊಡ್ಡಪ್ಪ ಹುಡುಕಿ ಫೋರ್‌ವೀಲಿನದ್ದೇ ತಂದರು. ನಮ್ಮ ತೋಟದ ಏರು ನೋಡಿದವರು ಯಾಕೆ ಅಂತ ಕೇಳುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ, ಜುಲೈ ತಿಂಗಳ ಕೆಂಪು ಮಣ್ಣಿನ ಏರಿಗೆ ಹಿಂದಿನ ಎರಡು ಚಕ್ರ ಏನೂ ಸಾಲದು.

ಆಗ ಡೀಸೆಲ್ ಅಗ್ಗ. ಊರಿನ ಪೆಟ್ರೋಲ್ ಜೀಪುಗಳೆಲ್ಲ ಒಂದೊಂದಾಗಿ ವರ್ಕ್‌ಶಾಪಿಗೆ ಹೋಗಿ ಹೊಟ್ಟೆಯೊಳಗೆ ಡೀಸೆಲ್ ಇಂಜಿನ್ ಕೂರಿಸಿಕೊಂಡು ಬಂದವು. ನಮ್ಮದು ಹೋಗಲಿಲ್ಲ. ದೊಡ್ಡಪ್ಪನಿಗೆ ಹಳೆ ಇಂಜಿನ್ ಮೇಲೆ ಪ್ರೀತಿ ಅಂತಲ್ಲ, ಹಣ ಬಿಚ್ಚುವುದೆಂದರೆ ಅವರಿಗೆ ಆಗದು. ಸೀಟಿಗೆ ಹೊಸ ಕವರು ಹಾಕಲಿಲ್ಲ. ಬಣ್ಣ ಹೊಡೆಸಲಿಲ್ಲ. ಅಡಿಗೆ ತುಕ್ಕು ಹಿಡಿಯದ ಹಾಗೆ ಸುಟ್ಟ ಆಯಿಲ್ ಬಳಿಯುತ್ತಿದ್ದರು, ಅದು ಪುಕ್ಕಟೆ ಸಿಗುತ್ತಿತ್ತಲ್ಲ. ಈಗ ಹಳೆ ಜೀಪಿನ ಹುಚ್ಚಿರುವವರು ಬಂದು "ಎಲ್ಲಾ ಒರಿಜಿನಲ್ ಉಂಟು!" ಎಂದು ಕಣ್ಣರಳಿಸಿದಾಗ ಜಗಲಿಯಲ್ಲಿ ಕೂತ ದೊಡ್ಡಪ್ಪ ಗಂಭೀರವಾಗಿ ತಲೆಯಾಡಿಸುತ್ತಾರೆ. ಜಿಪುಣತನಕ್ಕೂ ಒಂದು ಮಾರುಕಟ್ಟೆ ಇದೆ ಎಂದು ಅವರಿಗೆ ಮೊದಲೇ ಗೊತ್ತಿದ್ದ ಹಾಗೆ!

ಒರಿಜಿನಲ್ ಅಲ್ಲದ್ದು ಹಿಂದಿನ ತೊಟ್ಟಿಯ ತಳ ಮಾತ್ರ. ಅದನ್ನು ತಿಂದದ್ದು ಮಳೆಯಲ್ಲ, ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು, ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅಂತ ಅಡಿಕೆ ಬೆಳೆಯುವವರ ಮನೆಯ ಮಕ್ಕಳಿಗೂ ಗೊತ್ತು. ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಪಾತ್ರೆಯ ವಿಷಯದಲ್ಲಿ ಅಷ್ಟು ಜಾಗ್ರತೆ ಮಾಡಿದವರು ಪಿಕಪ್ಪೂ ಕಬ್ಬಿಣವೇ ಎಂದು ಯೋಚಿಸಲಿಲ್ಲ. ಡ್ರಮ್ಮು ತುಳುಕಿದಲ್ಲೆಲ್ಲ ನೀಲಿ ಕಲೆ, ಕಲೆ ಇದ್ದಲ್ಲೆಲ್ಲ ಆಮೇಲೆ ತೂತು.

ಮೊದಲು ಬಂದ ನಿಜವಾದ ಗಿರಾಕಿ ಗುಜರಿಯವನು. ಅವನು ಗಾಡಿಗೆ ಸುತ್ತು ಬರಲೂ ಇಲ್ಲ, ನಿಂತಲ್ಲೇ ಕಿಲೋ ಲೆಕ್ಕ ಹೇಳಿದ. ಆಮೇಲೆ ಕೋಝಿಕ್ಕೋಡಿನಿಂದ ಇಬ್ಬರು ಹುಡುಗರು ಬಂದರು. ಅವರ ಕಿಸೆಯಲ್ಲಿ ಅಯಸ್ಕಾಂತ. ಬಾಗಿಲಿಗೆ, ಮಡ್‌ಗಾರ್ಡಿಗೆ ಅಂಟಿಸಿ ಅಂಟಿಸಿ ನೋಡಿದರು. ಪುಟ್ಟಿ ತುಂಬಿಸಿದ ಕಡೆ ಅದು ಅಂಟುವುದಿಲ್ಲ. ಇಲ್ಲಿ ಎಲ್ಲ ಕಡೆ ಅಂಟಿತು, ತೂತು ಇದ್ದಲ್ಲಿ ಬಿಟ್ಟು. ಚೇಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಯ ಜೊತೆ ತಾಳೆ ನೋಡಿದರು. ಅಂಗಳದ ಮಣ್ಣಿನಲ್ಲಿ ಫೋರ್‌ವೀಲ್ ಹಾಕಿ ನೋಡಿದರು. ಟಾರು ರಸ್ತೆಗೆ ಬಂದ ಕೂಡಲೇ ತೆಗೆದರು. ಒಣ ಟಾರಿನಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಸ್ಟೇರಿಂಗ್ ಬಿಗಿದುಕೊಳ್ಳುತ್ತದೆ, ಗೇರ್ ಬಾಕ್ಸಿಗೂ ಪೆಟ್ಟು. ಇದು ಗೊತ್ತಿರುವವರ ಕೈಗೆ ಗಾಡಿ ಕೊಡಬಹುದು ಅಂತ ನನಗೆ ಅನಿಸಿತು. ಪೇಂಟ್ ಹೊಡೆಸಿದ್ದರೆ ಇವರು ಗೇಟಿನಿಂದಲೇ ವಾಪಸ್ ಹೋಗುತ್ತಿದ್ದರು.

ಹಳತಾದ ಹಾಗೆ ಕ್ರಯ ಏರುವುದು ನಮಗೇನೂ ಹೊಸದಲ್ಲ. ಹೊಸ ಅಡಿಕೆಗಿಂತ ಇಟ್ಟು ಹಳತಾದ ಸಿಂಗಲ್ ಚೋಲಿಗೆ ದರ ಜಾಸ್ತಿ, ಅದಕ್ಕಿಂತಲೂ ಹಳತಾದ ಡಬಲ್ ಚೋಲಿಗೆ ಇನ್ನೂ ಜಾಸ್ತಿ. ಆದರೆ ಕಾದು ಕೂತ ಅಡಿಕೆಯೆಲ್ಲ ಡಬಲ್ ಚೋಲ್ ಆಗುವುದಿಲ್ಲ. ಹುಳು ಹೊಕ್ಕಿದರೆ ಮುಗಿಯಿತು. ನಮ್ಮ ಗಾಡಿ ಡಬಲ್ ಚೋಲೋ, ಹುಳು ಕುಟ್ಟಿದ್ದೋ? ಗುಜರಿಯವನದ್ದು ಒಂದು ತೀರ್ಪು, ಕೋಝಿಕ್ಕೋಡಿನವರದ್ದು ಇನ್ನೊಂದು.

ಸರಕಾರದ್ದು ಮೂರನೆಯದು. ಐವತ್ತು ವರ್ಷ ದಾಟಿದ, ಚೇಸಿಸ್, ಬಾಡಿ, ಇಂಜಿನ್ ಬದಲಾಯಿಸದ ಗಾಡಿಗೆ ವಿಂಟೇಜ್ ಅಂತ ಬೇರೆ ನಂಬರು ಕೊಡುವ ನಿಯಮ 2021ರಲ್ಲಿ ಬಂತು. ನಮ್ಮದಕ್ಕೆ ಐವತ್ತು ಹತ್ತಿರವೇ. ಆರ್‌ಸಿಯಲ್ಲಿ ಜಿಲ್ಲೆ ಕಣ್ಣೂರು ಅಂತಿದೆ, ಕಾಸರಗೋಡು ಜಿಲ್ಲೆಯಾದದ್ದೇ 1984ರಲ್ಲಿ. ಆದರೆ ಆ ನಿಯಮ ಬೈಕು, ಕಾರಿನಂಥ ಜನ ಕೂರುವ ಗಾಡಿಗೆ. ಸಾಮಾನು ಹೊರುವ ಪಿಕಪ್ಪಿಗೆ ಇಲ್ಲ. ಜೀವಮಾನವಿಡೀ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ ಕಾರಿಗೆ ಮರ್ಯಾದೆ, ಗೊಬ್ಬರ ಹೊತ್ತವನಿಗೆ ಇಲ್ಲ. ಇರಲಿ. "ಹೆಸರೂ ಎಫ್‌ಸಿ, ಇಲ್ಲದ್ದೂ ಎಫ್‌ಸಿ" ಎಂದು ಬ್ರೋಕರ್ ನಕ್ಕ. ಫಿಟ್‌ನೆಸ್ ಸರ್ಟಿಫಿಕೇಟಿಗೂ ಎಫ್‌ಸಿ ಅಂತಲೇ ಹೇಳುವುದು, ಅದು ಮುಗಿದು ಎಷ್ಟೋ ಕಾಲ ಆಗಿತ್ತು.

ಗಡಿಯಲ್ಲಿ ಮಾರುವುದರ ಚಂದವೇ ಬೇರೆ. ಪಾಣಾಜೆಯಿಂದ ನಮ್ಮ ಭಾವನ ಪರಿಚಯದವರೊಬ್ಬರು ಕೇಳಿದ್ದರು. ಪೆರ್ಲ ದಾಟಿ ಸ್ವಲ್ಪ ಹೋದರೆ ಪಾಣಾಜೆ. ಅಡಿಕೆ ಅದೇ, ಮಾತು ಅದೇ, ಮದುವೆಗೆ ಹೋಗಿ ಊಟ ಮಾಡಿ ಬರುವ ದೂರ. ಆದರೆ ಅದು ಕರ್ನಾಟಕ. ಗಾಡಿ ಅಲ್ಲಿಗೆ ಹೋಗಬೇಕಾದರೆ 28ನೇ ಫಾರಂ, ಎನ್‌ಒಸಿ, ಅಲ್ಲಿಯ ಟ್ಯಾಕ್ಸು, ಅಲ್ಲಿಯ ಹೊಸ ನಂಬರು. ಐನೂರು ಕಿಲೋಮೀಟರಿಗೂ ಆಚೆ ತಿರುವನಂತಪುರಕ್ಕೆ ಮಾರಿದರೆ 29, 30ನೇ ಫಾರಂ ಸಾಕು, ಹಳೇ ನಂಬರೇ ಇರುತ್ತದೆ. ಪಾಣಾಜೆಯವರು ಲೆಕ್ಕ ಹಾಕಿ ಸುಮ್ಮನಾದರು.

ಕೊನೆಗೆ ಕೋಝಿಕ್ಕೋಡಿನ ಹುಡುಗರ ಜೊತೆಗೇ ಮಾತಾಯಿತು. ಅವರು ಮಲಯಾಳದಲ್ಲಿ ಕೇಳಿದರು, ದೊಡ್ಡಪ್ಪ ಕನ್ನಡದಲ್ಲಿ ಇಳಿಸಿದರು, ನಡುವೆ ಬ್ರೋಕರ್ ತುಳುವಿನಲ್ಲಿ ನನ್ನ ಹತ್ತಿರ ತನ್ನ ಕಮಿಷನ್ ಹೇಳಿದ. ಕ್ರಯ ನಿಂತಿತು. ಅಡ್ವಾನ್ಸ್ ಎಣಿಸಿ ಕೊಟ್ಟ ಮೇಲೆ ಹುಡುಗರ ಕಣ್ಣು ಶೆಡ್ಡಿನ ಮೂಲೆಗೆ ಬಿತ್ತು. ಗಾಡಿಯ ಜೊತೆಗೇ ಬಂದ ಹಳೆ ಜಾಕಿ, ವ್ಹೀಲ್ ಸ್ಪ್ಯಾನರು, ಹಿತ್ತಾಳೆಯ ಹಾರ್ನು. ಇದೂ ಒರಿಜಿನಲ್ಲಾ, ಜೊತೆಗೆ ಹಾಕಿ ಕೊಡುತ್ತೀರಾ ಎಂದು ಕೇಳಿದರು. ದೊಡ್ಡಪ್ಪ ಹೂಂ ಅನ್ನುವಷ್ಟರಲ್ಲಿ ದೊಡ್ಡಮ್ಮ ಅಡುಗೆ ಮನೆಯಿಂದ ಹೊರಗೆ ಬಂದರು.

"ಅದಕ್ಕೆ ಬೇರೆ ಕ್ರಯ ಅಂತ ಹೇಳು," ಎಂದರು ನನಗೆ.