ಒಂದು ಫ್ಯಾನು, ಹದಿನೇಳು ಕೈ

ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ನಮ್ಮೂರಿನ ಸೇವಾ ಕ್ಲಬ್ಬಿನ ಸಭೆ. ಏಳೂವರೆ ಅಂದರೆ ಎಂಟೂಕಾಲು. ಅಧ್ಯಕ್ಷರು ಜವಳಿ ಅಂಗಡಿಯ ಷಟರ್ ಎಳೆದು ಬರಬೇಕು, ಖಜಾಂಚಿ ಗೊಬ್ಬರದ ಅಂಗಡಿಯ ಲೆಕ್ಕ ಮುಗಿಸಬೇಕು, ಆಮೇಲೆ ಸೇವೆ. ನಮ್ಮದು ರೋಟರಿಯೋ ಲಯನ್ಸೋ ಇನ್ನೊಂದೋ ಅಂತ ಹೇಳಲ್ಲ. ಹೇಳಿದರೆ ಉಳಿದವರಿಗೆ ಸುಮ್ನೆ ಖುಷಿ. ನಾನು ಈ ಕ್ಲಬ್ಬಿನ ವಾರದ ಬುಲೆಟಿನ್ ಸಂಪಾದಕ. ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯುತ್ತಾನೆ ಅಂತ ಯಾರೋ ಹೇಳಿಬಿಟ್ಟರು, ಅಂಟಿಕೊಂಡಿತು. ವಾರದಲ್ಲಿ ಏನೇನಾಯಿತು ಅಂತ ಎರಡು ಪುಟ ಬರೆಯಬೇಕು. ಏನೂ ಆಗದ ವಾರ ನಾಲ್ಕು ಪುಟ.

ಕ್ಲಬ್ಬಿನಲ್ಲಿ ಮೂವತ್ತೆರಡು ಜನ ಇದ್ದೇವೆ. ಇಪ್ಪತ್ತೇಳು ಹುದ್ದೆಗಳಿವೆ. ಉಳಿದ ಐದು ಜನಕ್ಕೆ ಬೇಜಾರಾಗಬಾರದು ಅಂತ ಅವರನ್ನು ಡೈರೆಕ್ಟರ್ ಮಾಡಿದ್ದಾರೆ. ಅಧ್ಯಕ್ಷರೇ ಮೂವರು: ಹೋದ ವರ್ಷದವರು ಇಮ್ಮೀಡಿಯೇಟ್ ಪಾಸ್ಟ್ ಪ್ರೆಸಿಡೆಂಟ್, ಈ ವರ್ಷದವರು ಬರೀ ಪ್ರೆಸಿಡೆಂಟ್, ಬರುವ ವರ್ಷದವರು ಪ್ರೆಸಿಡೆಂಟ್ ಎಲೆಕ್ಟ್. ಭೂತ, ವರ್ತಮಾನ, ಭವಿಷ್ಯತ್. ಮೇಷ್ಟ್ರು ಕಲಿಸಿದ ವ್ಯಾಕರಣ ನನಗೆ ಪೂರ್ತಿ ಅರ್ಥವಾದದ್ದು ಈ ಕ್ಲಬ್ಬು ಸೇರಿದ ಮೇಲೆ.

ಜುಲೈ ಬಂತೆಂದರೆ ಪದಗ್ರಹಣ. ಕೊರಳಿಗೆ ಪದಕದ ಮಾಲೆ, ಅದರ ಒಂದೊಂದು ಬಿಲ್ಲೆಯ ಮೇಲೆ ಒಬ್ಬೊಬ್ಬ ಹಳೆ ಅಧ್ಯಕ್ಷರ ಹೆಸರು. ಈಗ ಅದು ಎಷ್ಟು ಭಾರ ಆಗಿದೆ ಅಂದರೆ ಸ್ಪಾಂಡಿಲೈಟಿಸ್ ಇರುವ ನಮ್ಮ ಅಧ್ಯಕ್ಷರು ಪ್ರಮಾಣ ವಚನ ಮುಗಿಯುತ್ತಲೇ ಅದನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಜುಲೈಯಲ್ಲೇ ವನಮಹೋತ್ಸವ ಕೂಡ. ಕೆ. ಎಂ. ಮುನ್ಷಿಯವರು ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗ 1950ರಲ್ಲಿ ಶುರು ಮಾಡಿದ ಹಬ್ಬ ಇದು. ನಮ್ಮ ಕ್ಲಬ್ಬು ಬಸ್ ಸ್ಟ್ಯಾಂಡ್ ಪಕ್ಕ ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತದೆ, ಎದುರುಮನೆಯ ಮೇಕೆಗಳು ಕಾಯುತ್ತಿರುತ್ತವೆ. ಹೊಂಗೆ ಸಸಿಗೆ ಅಧ್ಯಕ್ಷರು ನೀರು ಹಾಕುವಾಗ ಇನ್ನೊಬ್ಬರು ಅವರ ಪ್ಯಾಂಟು ನೆನೆಯದ ಹಾಗೆ ಎತ್ತಿ ಹಿಡಿದುಕೊಂಡಿರುತ್ತಾರೆ, ಅದು ಮಾತ್ರ ನಿಜವಾದ ಸೇವೆ ಅಂತ ನನಗೆ ಅನ್ನಿಸುತ್ತದೆ.

ಮಂಗಳವಾರದ ಸಭೆಗೆ ಬರೋಣ. ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಶುರು ಮಾಡುತ್ತಾರೆ. ಪ್ರಾರ್ಥನೆ, ಪ್ರತಿಜ್ಞೆ, ಸ್ವಾಗತ, ಪ್ರತಿ ವಾರ ನೋಡುವ ಅವೇ ಮುಖಗಳ ಪರಿಚಯ, ಈ ವಾರ ಹುಟ್ಟಿದವರಿಗೆ ಗುಲಾಬಿ, ಈ ವಾರ ಮದುವೆಯಾದವರಿಗೆ ಜೋಡಿ ಗುಲಾಬಿ, ಬ್ಯಾಡ್ಜ್ ಹಾಕದೆ ಬಂದವರಿಗೆ ಹತ್ತು ರೂಪಾಯಿ ಫೈನು. ರೋಟರಿಯಂಥ ರೋಟರಿಯೇ ಹೆಂಗಸರಿಗೆ ಬಾಗಿಲು ತೆಗೆದದ್ದು 1989ರಲ್ಲಿ, ಅದೂ ಅಮೆರಿಕದ ಸುಪ್ರೀಂ ಕೋರ್ಟು ಕಿವಿ ಹಿಂಡಿದ ಮೇಲೆ. ಆ ಲೆಕ್ಕದಲ್ಲಿ ನಮ್ಮ ಕ್ಲಬ್ಬು ಮುಂದಿದೆ. ಮೂವರು ಮಹಿಳಾ ಸದಸ್ಯರಿದ್ದಾರೆ. ಒಬ್ಬರು ಪ್ರಾರ್ಥನೆ, ಒಬ್ಬರು ನಿರೂಪಣೆ, ಒಬ್ಬರು ತಟ್ಟೆ ಹಿಡಿಯುವುದು.

ಆಮೇಲೆ ಅತಿಥಿ ಉಪನ್ಯಾಸ. ಜೂನ್ ತಿಂಗಳ ಒಂದು ವಾರ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡೋಕೆ ಜಿಲ್ಲಾ ಕೇಂದ್ರದಿಂದ ಡಾಕ್ಟರನ್ನು ಕರೆಸಿದ್ದರು. ಅವರನ್ನು ಪರಿಚಯ ಮಾಡಿಕೊಡೋಕೆ ಹದಿನಾಲ್ಕು ನಿಮಿಷ, ಅವರ ಮಾತಿಗೆ ಒಂಬತ್ತು ನಿಮಿಷ, ವಂದನಾರ್ಪಣೆಗೆ ಹನ್ನೊಂದು ನಿಮಿಷ. ವಂದನಾರ್ಪಣೆಯಲ್ಲಿ ಮೈಕಿನವರು, ಕುರ್ಚಿಯವರು, ಕರೆಂಟು ತೆಗೆಯದ ಕೆಇಬಿಯವರು, ಮಳೆ ತಡೆದ ವರುಣದೇವ ಎಲ್ಲರೂ ಬಂದರು. ಡಾಕ್ಟರ ಹೆಸರು ಬಿಟ್ಟುಹೋಯಿತು. ಊಟಕ್ಕೆ ಹೋಳಿಗೆ ಮತ್ತು ಜಾಮೂನು. ಡಾಕ್ಟರು ಎಲೆ ಮುಂದೆ ಕೂತು ಸುತ್ತ ನೋಡಿದರು, ಇಡೀ ಸಭೆ ಎರಡನೇ ಜಾಮೂನಿಗೆ ಕೈ ಎತ್ತಿತ್ತು.

ಇದೇ ಸಭೆಯಲ್ಲಿ ಕಾರ್ಯದರ್ಶಿ ಬಂದ ಪತ್ರಗಳನ್ನು ಓದಿದರು. ಒಂದು ಪತ್ರ ಊರಾಚೆಯ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯದು. ನಲವತ್ಮೂರು ಮಕ್ಕಳ ಪುಟ್ಟ ಶಾಲೆ. ಶೌಚಾಲಯದ ನಲ್ಲಿ ಕೆಟ್ಟಿದೆ, ರಾತ್ರಿಯೆಲ್ಲ ಸೋರಿ ಬೆಳಗ್ಗೆ ಹತ್ತು ಗಂಟೆಗೆಲ್ಲ ಟ್ಯಾಂಕು ಖಾಲಿ, ದೊಡ್ಡ ಹೆಣ್ಣುಮಕ್ಕಳು ನಡುವೆ ಮನೆಗೆ ಓಡಿಹೋಗಿ ಬರುತ್ತವೆ, ತಾವು ದಯಮಾಡಿ ಒಂದು ನಲ್ಲಿ ಹಾಕಿಸಿಕೊಡಬೇಕು ಅಂತ. ಪತ್ರ ಬಂದದ್ದು ಅದು ಮೂರನೇ ಸಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಪ್ರಾರ್ಥನೆ ಮೇಡಂ ಎದ್ದು, 'ನಲ್ಲಿಗೆ 180 ರೂಪಾಯಿ, ಪ್ಲಂಬರ್‌ಗೆ 200. ಫೈನ್ ಡಬ್ಬಿಯಲ್ಲೇ ಇದೆಯಲ್ಲ ಸಾರ್, ನಾಳೆನೇ ಹಾಕಿಸಿಬಿಡೋಣ' ಅಂದರು. ಸಭೆಯಲ್ಲಿ ಒಂದು ಥರದ ಮುಜುಗರ. ಅಷ್ಟು ಬೇಗ ಮುಗಿದುಹೋಗುವ ಸೇವೆಯನ್ನು ಕ್ಲಬ್ಬು ಇದುವರೆಗೆ ನೋಡಿರಲಿಲ್ಲ.

ಚರ್ಚೆ ಶುರುವಾಯಿತು. ನಲ್ಲಿಯ ಉದ್ಘಾಟನೆ ಹೇಗೆ? ಆ ಶೌಚಾಲಯ ನಾಲ್ಕಡಿಗೆ ನಾಲ್ಕಡಿ, ಒಳಗೆ ಒಬ್ಬರು ನಿಲ್ಲಬಹುದು, ಅದೂ ಮುಖ ಗೋಡೆ ಕಡೆ ಮಾಡಿ. ಮೂವರು ಅಧ್ಯಕ್ಷರು ಎಲ್ಲಿ ನಿಲ್ಲಬೇಕು? ದಾನಿಗಳ ಹೆಸರು ಎಲ್ಲಿ ಕೆತ್ತಿಸಬೇಕು? ಫೋಟೋ ತೆಗೆದರೂ ಪೇಪರಿನವರು ಹಾಕುತ್ತಾರಾ? ಹಿಂದಿನ ಸಾಲಿನ ಒಬ್ಬರು, ನಮ್ಮಂಥ ಕ್ಲಬ್ಬುಗಳ ಮೇಲಿನ ಸಾಹೇಬರನ್ನು ನೆನೆದು, 'ಡಿಸ್ಟ್ರಿಕ್ಟ್ ಗವರ್ನರ್ ವಿಸಿಟ್ ಟೈಮಲ್ಲಿ ಕಕ್ಕಸು ತೋರಿಸೋಕಾಗುತ್ತೇನ್ರೀ' ಅಂದರು. ಕೊನೆಗೆ ಅಧ್ಯಕ್ಷರು, ನಲ್ಲಿಯ ವಿಷಯ ಪರಿಶೀಲನೆಯಲ್ಲಿರಲಿ, ಸದ್ಯಕ್ಕೆ ಶಾಲೆಗೆ ಒಂದು ಸೀಲಿಂಗ್ ಫ್ಯಾನು ಕೊಡೋಣ ಅಂದರು. ಜೋರು ಚಪ್ಪಾಳೆ. ಫ್ಯಾನಿಗೆ ಮೂರು ರೆಕ್ಕೆ, ನಮಗೆ ಮೂವರು ಅಧ್ಯಕ್ಷರು. ಪೇಂಟರಿಗೆ ಹೇಳಿ ಒಂದೊಂದು ರೆಕ್ಕೆಯ ಮೇಲೆ ಒಬ್ಬೊಬ್ಬರ ಹೆಸರು ಕೆಂಪು ಬಣ್ಣದಲ್ಲಿ ಬರೆಸುವುದು ಅಂತ ಅಲ್ಲೇ ಠರಾವಾಯಿತು.

ಮುಂದಿನ ಶನಿವಾರ ಕಾರ್ಯಕ್ರಮ. ನಾನು ಬುಲೆಟಿನ್ನಿಗಾಗಿ ಹೋಗಿದ್ದೆ. ಶಾಲೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ನು, ಮೇಲೆ ಹನ್ನೆರಡಡಿ ಫ್ಲೆಕ್ಸು, ಅದರಲ್ಲಿ ಹನ್ನೊಂದು ಜನರ ಮುಖ, ಮೂಲೆಯಲ್ಲಿ ಚಿಕ್ಕದಾಗಿ ಒಂದು ಫ್ಯಾನು. ಮಕ್ಕಳನ್ನು ಒಂಬತ್ತು ಗಂಟೆಗೇ ಬಿಸಿಲಲ್ಲಿ ಸಾಲಾಗಿ ಕೂರಿಸಿದ್ದರು. ನಾವು ಹನ್ನೊಂದಕ್ಕೆ ಹೋದೆವು. ಭಾಷಣ ಆಯಿತು, ಶಾಲು ಆಯಿತು, ಆಮೇಲೆ ಫ್ಯಾನ್ ಹಸ್ತಾಂತರ.

ಡಬ್ಬದಲ್ಲಿ ಇಟ್ಟು ಕೊಟ್ಟರೆ ಹೆಸರು ಕಾಣುವುದಿಲ್ಲ ಅಂತ ಎಲ್ಲ ಬಿಚ್ಚಿದರು. ಮೋಟಾರನ್ನು ಆರು ಕೈ ಹಿಡಿದವು. ಭೂತಕಾಲದ ರೆಕ್ಕೆಗೆ ನಾಲ್ಕು ಕೈ, ವರ್ತಮಾನಕ್ಕೆ ನಾಲ್ಕು, ಭವಿಷ್ಯಕ್ಕೆ ಮೂರು. ನಾನು ಎಣಿಸಿದೆ, ಹದಿನೇಳು. ಮುಖ್ಯ ಶಿಕ್ಷಕಿ ಮೇಡಂಗೆ ಹಿಡಿಯೋಕೆ ಏನೂ ಉಳಿಯದೆ ರಾಡಿನ ತುದಿ ಮುಟ್ಟಿಕೊಂಡು ನಿಂತರು. ಫೋಟೋದವನು, 'ಸಾರ್, ಫ್ಯಾನು ಕಾಣ್ತಿಲ್ಲ, ಸ್ವಲ್ಪ ಸರೀರಿ' ಅಂದ. ಯಾರೂ ಸರಿಯಲಿಲ್ಲ. ಆಮೇಲೆ, 'ಮಕ್ಕಳೇ, ನೀವು ಸರೀರಿ' ಅಂದ. ಮಕ್ಕಳು ಸರಿದವು.

ಚಪ್ಪಾಳೆ ನಿಂತ ಮೇಲೆ ಬಿಸಿಯೂಟ ಮಾಡುವ ಅಕ್ಕ ಮೇಲೆ ನೋಡಿ, 'ಎಲ್ಲಿಗೆ ನೇತಾಕ್ತೀರಾ ಸಾರ್ ಇದನ್ನ?' ಅಂತ ಕೇಳಿದರು. ಎಲ್ಲರೂ ತಲೆ ಎತ್ತಿದೆವು. ಹೆಂಚಿನ ಮಾಡು. ಕೊಕ್ಕೆ ಇಲ್ಲ, ವೈರಿಂಗ್ ಇಲ್ಲ, ಹಳೇ ತೊಲೆಗೆ ಗೆದ್ದಲು ಹಿಡಿದಿದೆ. ಕಾರ್ಯದರ್ಶಿ ಡೈರಿ ತೆಗೆದು, 'ಕೊಕ್ಕೆ, ಮುಂದಿನ ವರ್ಷದ ಪ್ರಾಜೆಕ್ಟು' ಅಂತ ಬರೆದುಕೊಂಡರು. ಈಗ ಮೂರು ರೆಕ್ಕೆಗಳೂ ಮೇಡಂ ರೂಮಿನಲ್ಲಿ ಗೋಡೆಗೆ ಒರಗಿಕೊಂಡಿವೆ. ತಿರುಗದೆ ಇರುವುದರಿಂದ ಹೆಸರುಗಳನ್ನು ಮಾತ್ರ ಬಹಳ ಸ್ಪಷ್ಟವಾಗಿ ಓದಬಹುದು.

ಖಜಾಂಚಿ ಕೊಟ್ಟ ಲೆಕ್ಕ ನನ್ನ ಹತ್ತಿರ ಇದೆ. ಫ್ಯಾನು 1,650 ರೂಪಾಯಿ. ಫ್ಲೆಕ್ಸು 1,200, ಒಂಬತ್ತು ಶಾಲಿಗೆ 1,620, ಆರು ಮೊಮೆಂಟೊಗೆ 2,100, ಉಪ್ಪಿಟ್ಟು ಕೇಸರಿಬಾತಿಗೆ 3,400, ಫೋಟೋದವನಿಗೆ 1,500. ಫ್ಯಾನು ಬಿಟ್ಟು 9,820. ಒಟ್ಟು ಲೆಕ್ಕದಲ್ಲಿ ತೀರಾ ಜಾಸ್ತಿ ಆದದ್ದು ಏನು ಅಂತ ಬೋರ್ಡ್ ಮೀಟಿಂಗಿನಲ್ಲಿ ಚರ್ಚೆಯಾಗಿ, ಫ್ಯಾನು ಸ್ವಲ್ಪ ದುಬಾರಿಯಾಯಿತು ಅಂತ ಒಮ್ಮತಕ್ಕೆ ಬಂದರು.

ಶಾಲಿನ ಲೆಕ್ಕ ಮಾತ್ರ ನನಗೆ ಅನುಮಾನ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರ ಜೊತೆ ಕ್ಲಬ್ಬು ಶುರು ಮಾಡಿದಾಗ ಸಭೆ ಇವತ್ತು ಇವರ ಆಫೀಸಿನಲ್ಲಿ, ಮುಂದಿನ ಸಲ ಅವರ ಆಫೀಸಿನಲ್ಲಿ ಅಂತ ತಿರುಗುತ್ತಿತ್ತಂತೆ, ಅದಕ್ಕೇ ರೋಟರಿ ಅಂತ ಹೆಸರು. ನಮ್ಮಲ್ಲಿ ಸಭೆ ತಿರುಗುವುದಿಲ್ಲ, ಶಾಲು ತಿರುಗುತ್ತದೆ. ಒಂದು ಕಂದು ಶಾಲಿದೆ, ಅಂಚಿನಲ್ಲಿ ಅಂಗೈ ಅಗಲದ ಅರಿಶಿನದ ಕಲೆ. ಅದನ್ನು ನಾನು ಮೊದಲು ನೋಡಿದ್ದು ತಹಶೀಲ್ದಾರರ ಹೆಗಲ ಮೇಲೆ. ಆಮೇಲೆ ಸಕ್ಕರೆ ಡಾಕ್ಟರ ಹೆಗಲ ಮೇಲೆ. ಫ್ಯಾನಿನ ದಿನ ಮುಖ್ಯ ಶಿಕ್ಷಕಿಗೆ ಹೊದಿಸಿದ್ದೂ ಅದೇ. ಹೊಸ ಶಾಲು ತಂದವರು ಯಾರು, ಬಿಲ್ ಕೊಟ್ಟವರು ಯಾರು ಅಂತ ಕೇಳಬಾರದು, ಯಾಕಂದರೆ ಅಧ್ಯಕ್ಷರದ್ದು ಜವಳಿ ಅಂಗಡಿ.

ಮಂಗಳವಾರ ಬುಲೆಟಿನ್ ಬರೆಯೋಕೆ ಕೂತೆ. ರಿಪೋರ್ಟಿನಲ್ಲಿ 'ಫಲಾನುಭವಿಗಳ ಸಂಖ್ಯೆ' ಅಂತ ಒಂದು ಕಾಲಮ್ ಇರುತ್ತದೆ. ನಾನು 43 ಅಂತ ಬರೆದಿದ್ದೆ. ಕಾರ್ಯದರ್ಶಿ ನೋಡಿ ನಕ್ಕರು. 'ಒಂದು ದಿನಕ್ಕೆ 43. ವರ್ಷಕ್ಕೆ ಶಾಲೆ 220 ದಿನ. ಗುಣಿಸಿ ಸಾರ್.' ಗುಣಿಸಿದೆ. 9,460 ಜನ. ನಮ್ಮೂರಿನ ಅರ್ಧ ಜನಕ್ಕೆ, ಗೋಡೆಗೆ ಒರಗಿರುವ ಒಂದು ಫ್ಯಾನು ಗಾಳಿ ಬೀಸಿದ ಹಾಗಾಯಿತು.

ರೋಟರಿಯವರ ಹತ್ತಿರ ನಾಲ್ಕು ಪ್ರಶ್ನೆಗಳ ಒಂದು ಪರೀಕ್ಷೆ ಇದೆ. 1932ರಲ್ಲಿ ಹರ್ಬರ್ಟ್ ಟೇಲರ್ ಅನ್ನುವವರು ಮುಳುಗುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಮೇಲೆತ್ತೋಕೆ ಬರೆದದ್ದು. ಮೊದಲ ಪ್ರಶ್ನೆಯೇ, ಇದು ಸತ್ಯವೇ? ನಮ್ಮ ಬುಲೆಟಿನ್ನು ಆ ಪರೀಕ್ಷೆಗೆ ಕೂತರೆ ಮೊದಲ ಪ್ರಶ್ನೆಯಲ್ಲೇ ನಪಾಸು, ಉಳಿದ ಮೂರಕ್ಕೆ ಹೋಗುವ ತಾಪತ್ರಯವೇ ಇಲ್ಲ.

ಕ್ಲಬ್ಬುಗಳಿಂದ ಏನೂ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. 1925ರಲ್ಲಿ, ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮ್ಮೇಳನಕ್ಕೆ ಬಂದು ಕುರುಡರ ಜೊತೆ ನಿಲ್ಲಿ ಅಂತ ಕೇಳಿದರು, ನಮ್ಮ ಅಜ್ಜಿಯಂಥ ಎಷ್ಟೋ ಜನರ ಪೊರೆ ತೆಗೆಸಿದ್ದು ಲಯನ್ಸ್ ಕಣ್ಣಿನ ಕ್ಯಾಂಪುಗಳೇ. ರೋಟರಿಯವರು 1985ರಲ್ಲಿ ಪೋಲಿಯೋ ಹಿಂದೆ ಬಿದ್ದರು. ನಮ್ಮ ದೇಶದ ಕೊನೆಯ ವೈಲ್ಡ್ ಪೋಲಿಯೋ, ಅಂದರೆ ಸಹಜವಾಗಿ ಹರಡುವ ಪೋಲಿಯೋ, ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಅಂಗನವಾಡಿಯವರ ಜೊತೆ ಮನೆ ಮನೆ ಸುತ್ತಿದ ಕ್ಲಬ್ಬಿನವರೂ ಇದ್ದರು. ಮಗುವಿನ ಕಿರುಬೆರಳಿಗೆ ಹಚ್ಚಿದ ಶಾಯಿಯೇ ಅವರ ರಿಪೋರ್ಟು. ಎರಡು ಹನಿ ಹಾಕುವಾಗ ಹದಿನೇಳು ಕೈ ಬೇಕಾಗಿರಲಿಲ್ಲ, ಅಲ್ವಾ?

ನಮ್ಮಲ್ಲೂ ರಕ್ತದಾನ ಶಿಬಿರ ಆಗುತ್ತದೆ. ಅಧ್ಯಕ್ಷರು ಮಂಚದ ಮೇಲೆ ಮಲಗಿ ಫೋಟೋ ತೆಗೆಸಿಕೊಂಡು ಶಿಬಿರಕ್ಕೆ ಚಾಲನೆ ಕೊಡುತ್ತಾರೆ. ಆಮೇಲೆ ಬಿಪಿ ಇದೆ ಅಂತ ಎದ್ದುಬಿಡುತ್ತಾರೆ. ರಕ್ತ ಕೊಡುವವರು ಐಟಿಐ ಹುಡುಗರು.

ಹದಿನೈದು ದಿನ ಬಿಟ್ಟು ಕಾರ್ಯದರ್ಶಿ ಜೊತೆ ಆ ಶಾಲೆ ಕಡೆ ಹೋಗಬೇಕಾಯಿತು. ಮೊಮೆಂಟೊದಲ್ಲಿ ಮುಖ್ಯ ಶಿಕ್ಷಕಿಯ ಹೆಸರು ತಪ್ಪಾಗಿ ಕೆತ್ತಿದ್ದರು, ಬದಲಾಯಿಸಿ ಕೊಡಬೇಕಿತ್ತು. ಶೌಚಾಲಯದ ಹತ್ತಿರ ನೀರು ಸೋರುವ ಸದ್ದು ಇರಲಿಲ್ಲ. ಬಗ್ಗಿ ನೋಡಿದೆ. ನಲ್ಲಿಯ ಬುಡಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಏನೋ ಕೆಂಪು ಬಟ್ಟೆ ಎಳೆದು ಕಟ್ಟಿದ್ದರು. ಬಿಸಿಯೂಟದ ಅಕ್ಕನ ಕೈಕೆಲಸ. 'ಅವತ್ತು ಕತ್ತರಿಸಿ ಬಿಸಾಕಿ ಹೋಗಿದ್ರಲ್ಲ ಸಾರ್, ಟೇಪು. ಗಟ್ಟಿ ಇತ್ತು, ಎತ್ತಿಟ್ಕಂಡಿದ್ದೆ' ಅಂದರು. ಟ್ಯಾಂಕಿನಲ್ಲಿ ಮಧ್ಯಾಹ್ನದವರೆಗೂ ನೀರು ನಿಲ್ಲುತ್ತಿದೆಯಂತೆ.

ಕಾರ್ಯದರ್ಶಿ ಬಗ್ಗಿದರು, ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿದರು. 'ಇದು ನಮ್ಮ ಕ್ಲಬ್ಬಿನ ರಿಬ್ಬನ್ ಅಲ್ವಾ?' ಅಂದವರೇ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು, ಒಳಗೆ ಹೋಗಿ ಗೋಡೆ ಕಡೆಗಿದ್ದ ಮುಖವನ್ನು ಕಷ್ಟಪಟ್ಟು ನನ್ನ ಕಡೆ ತಿರುಗಿಸಿಕೊಂಡು, ಒಂದು ಕೈ ನಲ್ಲಿಯ ಮೇಲೆ ಇಟ್ಟು ನಿಂತರು.

'ತೆಗೀರಿ ಸಾರ್. ಶಾಶ್ವತ ಯೋಜನೆ ಕಾಲಮ್ಮಿಗೆ ಹಾಕಿ. ಫಲಾನುಭವಿಗಳ ಲೆಕ್ಕ ಗೊತ್ತಲ್ಲ?'