ಎರೆಮಣ್ಣಿನಲ್ಲಿ ತೋಡಿದ್ದೆಲ್ಲ ಬೋಗುಣಿ

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಧಾರವಾಡದ ಕಡೆ ಕೆಂಪು ಮಸಾರಿ. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿಯತ್ತ ಹೋದರೆ ಕಪ್ಪು ಎರೆ. ಮಣ್ಣು ಇಷ್ಟು ಬದಲಾದರೂ ಪಾಯದ ಆಳ, ಶೌಚಾಲಯದ ಇಂಗುಗುಂಡಿಯ ಅಳತೆ, ಗಿಡ ನೆಡುವ ರೀತಿ ಮಾತ್ರ ಎರಡೂ ಕಡೆ ಒಂದೇ. ನನ್ನ ತಕರಾರು ಇದರ ಮೇಲೆ.

ಎರೆಯ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ ಹೆಚ್ಚು. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಮನೆಯ ನಡುಭಾಗದ ಕೆಳಗೆ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಅಂಚು ಮಾತ್ರ ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಇದರದ್ದೇ. "ಒಂದೇ ಅಂತಸ್ತು, ಭಾರ ಏನೈತಿ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹಗುರವಾದದ್ದನ್ನೇ ಮಣ್ಣು ಸಲೀಸಾಗಿ ಎತ್ತುತ್ತದೆ. ಎಲ್ಲಕ್ಕಿಂತ ಮೊದಲು ಕಾಂಪೌಂಡ್ ಗೋಡೆ ಬಾಯಿ ಬಿಡುವುದು ಅದಕ್ಕೇ.

ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ದೊಡ್ಡ ಖರ್ಚೇನೂ ಇಲ್ಲ. ಒಣಗಿಸಿ ಪುಡಿಮಾಡಿ ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆಗೊಳವೆಗೆ ಹಾಕಿ, ಒಂದಕ್ಕೆ 100 ಮಿ.ಲೀ. ನೀರು, ಇನ್ನೊಂದಕ್ಕೆ ಅಷ್ಟೇ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿದಾಗ ನೀರಿನಲ್ಲಿ ಕೂತ ಮಣ್ಣು 15 ಮಿ.ಲೀ., ಎಣ್ಣೆಯಲ್ಲಿ 10 ಇದ್ದರೆ ಉಬ್ಬು ಶೇಕಡಾ 50. ಅದನ್ನು ದಾಟಿದರೆ ಮಾಮೂಲಿ ಪಾಯದ ಆಸೆ ಬಿಡಿ.

ಎರೆ ಪದರ ತೆಳುವಿದ್ದರೆ ಪೂರ್ತಿ ತೆಗೆದು ಗಟ್ಟಿ ಗರಸಿನ ಮೇಲೆ ಪಾಯ ಕೂರಿಸಬಹುದು. ಆಳವಿದ್ದರೆ ನೆಲದೊಳಗೆ ಇಳಿಸಿ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್: ಆಳ ಕನಿಷ್ಠ 3.5 ಮೀಟರ್, ಗಡ್ಡೆಯ ವ್ಯಾಸ ಕಂಬದ ಸುಮಾರು ಎರಡೂವರೆ ಪಟ್ಟು. ಪೈಲ್‌ಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮ್ ನೆಲಕ್ಕೆ ತಾಗದಂತೆ ಕೆಳಗೆ ಸಂದು ಬಿಡಲೇಬೇಕು. ಸಂದಿಗೆ ಮಣ್ಣು ತುರುಕಿದರೆ ಪೈಲ್‌ಗೆ ಸುರಿದ ದುಡ್ಡು ನೀರುಪಾಲು. ನೆಲಹಾಸಿನ ಕೆಳಗೂ ಎರೆ ಬೇಡ. ಗರಸನ್ನು 15 ಸೆಂ.ಮೀ. ಪದರಗಳಾಗಿ ಹಾಕಿ, ನೀರು ಚಿಮುಕಿಸಿ ಕುಟ್ಟಿಸಿ.

ಪಾಯದ ಗುಂಡಿಗೆ ಮರಳು ತುಂಬುವ ರೂಢಿ ಮಾತ್ರ ಶುದ್ಧ ತಪ್ಪು. ಸುತ್ತಲಿನ ಜೇಡಿ ನೀರು ಬಿಡುವುದಿಲ್ಲ, ಮರಳು ನೀರನ್ನು ಕರೆದು ಕೂರಿಸಿಕೊಳ್ಳುತ್ತದೆ. ಗೋಡೆಯ ಬುಡದಲ್ಲೇ ಬೋಗುಣಿ ಕಟ್ಟಿದಂತಾಯಿತು.

ಇಂಗುಗುಂಡಿಯೂ ಇಂಥದೇ ಇನ್ನೊಂದು ಬೋಗುಣಿ. ಏಪ್ರಿಲ್‌ನಲ್ಲಿ ಗುಂಡಿ ತೋಡಿ ನಾಲ್ಕು ಕೊಡ ನೀರು ಸುರಿದರೆ ಗಟಗಟ ಇಂಗುತ್ತದೆ. ಕುಡಿದದ್ದು ಬಿರುಕು, ಮಣ್ಣಲ್ಲ. ಜುಲೈನಲ್ಲಿ ಬಿರುಕು ಮುಚ್ಚಿಕೊಂಡಾಗ ಅದೇ ಗುಂಡಿ ತುಂಬಿ, ಶೌಚಾಲಯದ ನೀರು ಹಿಮ್ಮೆಟ್ಟುತ್ತದೆ. ನೆಟ್ಟಗೆ ಪರೀಕ್ಷೆ ಮಾಡುವುದಾದರೆ 10ರಿಂದ 30 ಸೆಂ.ಮೀ. ಅಗಲದ ಗುಂಡಿ ತೋಡಿ, ಗುದ್ದಲಿ ಮೆತ್ತಿದ ಬದಿಗಳನ್ನು ಕೆರೆದು, ತಳಕ್ಕೆ 5 ಸೆಂ.ಮೀ. ಸಣ್ಣ ಜಲ್ಲಿ ಹಾಕಿ. ಅದರ ಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ ರಾತ್ರಿಯಿಡೀ ನೆನೆಸಿ. ಬಿರಿದ ನೆಲಕ್ಕೆ ಒಂದು ರಾತ್ರಿ ಸಾಲದು, ಮೂರ್ನಾಲ್ಕು ದಿನವಾದರೂ ತುಂಬುತ್ತಿರಿ. ಆಮೇಲೆ ನೀರನ್ನು ಜಲ್ಲಿಯ ಮೇಲೆ 15 ಸೆಂ.ಮೀ.ಗೆ ತಂದು ಇಳಿತ ಅಳೆಯಿರಿ. 25 ಮಿ.ಮೀ. ಇಳಿಯಲು ಅರ್ಧ ಗಂಟೆ ಮೀರಿದರೆ ಅಲ್ಲಿ ಇಂಗುಗುಂಡಿ ಬೇಡ. ಒಳಚರಂಡಿ ಇದ್ದರೆ ಅದಕ್ಕೆ ಜೋಡಿಸಿ. ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕಿನ ನಂತರ ನೀರು ಜಲ್ಲಿಯ ಮೂಲಕ ಕೆಳಗಿನಿಂದ ಮೇಲೇರುವ ಫಿಲ್ಟರ್ ತೊಟ್ಟಿ ಕಟ್ಟಿಸಿ. ಟ್ಯಾಂಕಿನ ಗೋಡೆಯ ಹಿಂದೆ ತುಂಬುವುದೂ ಗರಸೇ ಇರಲಿ, ಅಗೆದ ಎರೆಯನ್ನೇ ವಾಪಸ್ ತಳ್ಳಿದರೆ ಅದು ಉಬ್ಬಿ ಇಟ್ಟಿಗೆಯನ್ನು ಒಳಕ್ಕೆ ನೂಕುತ್ತದೆ.

ಕರಾವಳಿಯಲ್ಲಿ ಕಥೆ ಉಲ್ಟಾ. ಜಂಬಿಟ್ಟಿಗೆ ನೆಲದ ತೂತುಗಳಲ್ಲಿ ನೀರು ಸರಸರ ಇಳಿದು, ಸೋಸುವ ಮೊದಲೇ ಬಾವಿ ಸೇರಿಬಿಡಬಹುದು. ಬಾವಿಗೂ ಇಂಗುಗುಂಡಿಗೂ 18 ಮೀಟರ್ ಅಂತರ ಎನ್ನುವುದು ಅಲ್ಲಿ ಕನಿಷ್ಠ, ಸಾಕೆನ್ನುವ ಅಳತೆಯಲ್ಲ. ಜಂಬಿಟ್ಟಿಗೆಯ ಅಡಿಯ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣು ನೆನೆದರೆ ಬಲ ಕಳೆದುಕೊಳ್ಳುತ್ತದೆ. ಗುಡ್ಡ ಕಡಿದು ಮನೆ ಕಟ್ಟುವವರು ಮೊದಲು ನೋಡಬೇಕಾದದ್ದು ಅದನ್ನು.

ಮತ್ತೆ ಎರೆಗೆ, ಈಗ ಕೈತೋಟ. ಗುಂಡಿ ತೋಡಿ, ಕೆಂಪುಮಣ್ಣು ತುಂಬಿ ಮಾವೋ ನಿಂಬೆಯೋ ನೆಟ್ಟರೆ ಮೂರನೇ ಬೋಗುಣಿ ತಯಾರು: ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಅಗೆದ ಮಣ್ಣಿಗೇ ಗೊಬ್ಬರ ಬೆರೆಸಿ ತುಂಬಿ, ಗಿಡವನ್ನು ದಿಬ್ಬದ ಮೇಲೆ ನೆಡಿ. ತರಕಾರಿಗೆ 30 ಸೆಂ.ಮೀ. ಎತ್ತರದ ಮಡಿ ಸಾಕು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಯೂರಿಯಾ ಸುರಿಯಬೇಡಿ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಬೇರಿಗೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ.

ಗೋಡೆಗೆ ಒತ್ತಿ ಹೂಪಾತಿ ಮಾಡಿ ದಿನಾ ನೀರುಣಿಸುವುದು ನೋಡಲು ಚೆಂದ, ಪಾಯಕ್ಕೆ ಕೇಡು. ಮನೆಯ ಸುತ್ತ ಒಂದೂವರೆ ಮೀಟರ್ ಅಗಲ ಕಾಂಕ್ರೀಟ್ ಹಾಸಿ, ಹೊರಕ್ಕೆ ಇಳಿಜಾರು ಕೊಟ್ಟು, ಪಾತಿಗಳನ್ನು ಅದರಾಚೆ ಇಡಿ. ದೊಡ್ಡ ಮರವಾದರೆ ಅದು ಬೆಳೆಯುವ ಎತ್ತರದಷ್ಟೇ ದೂರ. ಮರ ಕಡಿಸುವ ಮುನ್ನವೂ ಯೋಚಿಸಿ: ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಹಳೆ ಗೋಡೆ ಈ ಸಲ ಮೇಲಕ್ಕೆದ್ದು ಬಿರಿಯುತ್ತದೆ.