ತೋಟಕ್ಕೆ ಬರುವ ನಾಯಕಿ, ತೋಟ ಬಿಟ್ಟು ಕದಲದ ನಾಯಕ

ಬೆಂಗಳೂರಿನ ಹುಡುಗಿಯೊಬ್ಬಳು ಕೊಡಗಿಗೆ ಬರುತ್ತಾಳೆ, ಮಳೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ಹೆಚ್ಚು ಮಾತನಾಡದ ಕಾಫಿ ಬೆಳೆಗಾರನೊಬ್ಬ ಜೀಪಿನಲ್ಲಿ ಬಂದು ಅವಳನ್ನು ಮನೆ ತಲುಪಿಸುತ್ತಾನೆ, ಇಪ್ಪತ್ತನೇ ಕಂತಿನ ಹೊತ್ತಿಗೆ ಅವಳು ಕೆಲಸಕ್ಕೆ ರಾಜೀನಾಮೆ ಕೊಟ್ಟಿರುತ್ತಾಳೆ. ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಪ್ರೇಮಕಥೆಗಳಲ್ಲಿ ಇದನ್ನು ನಾನು ಬೇರೆ ಬೇರೆ ಹೆಸರುಗಳಲ್ಲಿ ಓದುತ್ತಲೇ ಬಂದಿದ್ದೇನೆ, ಇಷ್ಟಪಟ್ಟೇ ಓದಿದ್ದೇನೆ. ಪಟ್ಟಣದ ಹೆಣ್ಣು ಮತ್ತು ಹಳ್ಳಿಯ ಗಂಡು ಒಬ್ಬರನ್ನೊಬ್ಬರು ಮೆಚ್ಚುವುದರಲ್ಲಿ ನನಗೆ ಯಾವ ಅಸಹಜತೆಯೂ ಕಾಣುವುದಿಲ್ಲ. ನನ್ನ ತಕರಾರು ಒಂದೇ: ಈ ಕಥೆಗಳಲ್ಲಿ ಗಂಡಸು ಕೂತ ಜಾಗದಿಂದ ಏಳುವುದಿಲ್ಲ, ಮತ್ತು ಹಾಗೆ ಏಳದಿರುವುದನ್ನೇ ಅವನ ದೊಡ್ಡ ಗುಣವೆಂದು ಬರೆಯಲಾಗುತ್ತದೆ.

ಮೊದಲಿಗೆ ಆ ನಾಯಕನ ಆಸ್ತಿಯ ವಿಚಾರ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು ನಿಜ, ಆದರೆ ಅದನ್ನು ಬೆಳೆಯುವವರಲ್ಲಿ ಬಹುಪಾಲು ಜನರ ಹಿಡುವಳಿ 10 ಹೆಕ್ಟೇರಿಗಿಂತ ಕಡಿಮೆ; ಎಷ್ಟೋ ಮನೆಗಳಲ್ಲಿ ನಾಲ್ಕೈದು ಎಕರೆಯಷ್ಟೇ. ಅಂಥ ಮನೆಯ ಮಗನಿಗೆ ಕೆಲಸದವರನ್ನೂ ಲೆಕ್ಕವನ್ನೂ ನೋಡಿಕೊಳ್ಳುವ ರೈಟರ್ ಇರುವುದಿಲ್ಲ. ಫೆಬ್ರವರಿ ಕೊನೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಕೆರೆಯಂಚಿನಲ್ಲಿ ಡೀಸೆಲ್ ಪಂಪಿನ ಪಕ್ಕ ರಾತ್ರಿಯೆಲ್ಲ ನಿಂತು ಸ್ಪ್ರಿಂಕ್ಲರ್ ಪೈಪು ಬದಲಿಸುವವನು ಅವನೇ, ಬೆಳಿಗ್ಗೆ ಕೆಲಸದವರನ್ನು ಕರೆತರಲು ಪಿಕಪ್ ಓಡಿಸುವವನೂ ಅವನೇ. ಅವನ ಮೌನಕ್ಕೆ ನಿದ್ದೆಗೇಡು ಕಾರಣವಾಗಿರುವ ಸಾಧ್ಯತೆಯನ್ನು ಯಾವ ಲೇಖಕರೂ ಪರಿಗಣಿಸಿದಂತಿಲ್ಲ. ಇನ್ನು ಮುಸ್ಸಂಜೆಯಲ್ಲಿ ತೋಟದೊಳಗೆ ಒಬ್ಬಳೇ ಅಲೆಯುವ ನಾಯಕಿಯರ ಬಗ್ಗೆ ಹೇಳುವುದೇ ಬೇಡ. ಸಿದ್ದಾಪುರದ ಕಡೆಯವರು ಅದನ್ನು ಓದಿದರೆ ಪ್ರೇಮದ ಬದಲು ಆನೆಯ ಯೋಚನೆಯೇ ಬರುತ್ತದೆ.

ಮಳೆಯೂ ಹಾಗೆಯೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಸುತ್ತ ಗುಡ್ಡಗಳು ಜಾರಿ ಮನೆ ತೋಟಗಳನ್ನು ಹೊತ್ತೊಯ್ದ ಮೇಲೆ, ಆ ಭಾಗದವರು ಜೋರುಮಳೆಯ ರಾತ್ರಿಯಲ್ಲಿ ಮನೆಯ ಹಿಂದಿನ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಕಡೆಗೇ ಕಿವಿಗೊಟ್ಟು ಮಲಗುತ್ತಾರೆ. ಅದೇ ಮಳೆಯನ್ನು ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನೋಡಲು ಬರುವವಳಿಗೂ ಅಲ್ಲಿಯೇ ಹುಟ್ಟಿದವನಿಗೂ ನಡುವೆ ಇರುವ ಅಂತರ ಒಳ್ಳೆಯ ಕಾದಂಬರಿಯೊಂದಕ್ಕೆ ಸಾಕಾಗುವಷ್ಟು ದೊಡ್ಡದು. ಅದನ್ನು ಬಿಟ್ಟು ನಮ್ಮ ಕಥೆಗಾರರು ಇಬ್ಬರನ್ನೂ ಒಂದೇ ಕೊಡೆಯಡಿ ನಿಲ್ಲಿಸಿ ಸುಮ್ಮನಾಗುತ್ತಾರೆ.

ಅವನು ಯಾಕೆ ಕದಲುವುದಿಲ್ಲ ಎಂದರೆ ಉತ್ತರ ಭೂಮಿಯಲ್ಲಿದೆ. ಕೊಡಗಿನ ಜಮ್ಮಾ ಜಾಗಗಳು ತಲೆಮಾರುಗಳಿಂದ ಕುಟುಂಬದ ಯಜಮಾನನಾದ ಪಟ್ಟೆದಾರನ ಹೆಸರಿನಲ್ಲಿ ಬಂದಂಥವು. ಒಬ್ಬನು ತನ್ನ ಪಾಲನ್ನು ತೋರಿಸಿ ಸಾಲ ಪಡೆಯಲು ಹೋದರೂ ದಾಯಾದಿಗಳ ಒಪ್ಪಿಗೆಗೆ ಅಲೆಯಬೇಕಾಗುತ್ತದೆ. ಇಂಥ ಜಾಗವನ್ನು ಬಿಟ್ಟು ಹೊರಗಿದ್ದವನ ಮಾತಿಗೆ ಕುಟುಂಬದಲ್ಲಿ ಬೆಲೆ ಕಡಿಮೆಯಾಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಹೊರಗಿನಿಂದ ಬರುವ ಹೆಣ್ಣಿಗೆ ಆ ಮನೆಯಲ್ಲಿ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ಹಳಬರು ಈ ಕಥೆಗಾರರಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದರು. ಪುರೋಹಿತರಿಲ್ಲದೆ ನಡೆಯುವ ಕೊಡವ ಮದುವೆಯಲ್ಲಿ ಸಂಬಂಧ ಕೊಡುವ ಶಾಸ್ತ್ರವೊಂದಿದೆ. ಎರಡೂ ಮನೆಯ ಅರುವರು, ಅಂದರೆ ಮನೆತನದ ಪರವಾಗಿ ಮಾತನಾಡುವವರು, ಎದುರುಬದುರು ನಿಂತು, ಪ್ರಶ್ನೆ ಉತ್ತರಗಳ ರೂಪದಲ್ಲಿ, ಸಣ್ಣ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ, ಮದುಮಗಳಿಗೆ ಗಂಡನ ಮನೆಯಲ್ಲಿರುವ ಹಕ್ಕನ್ನು ಎಲ್ಲರೆದುರು ಸಾರುತ್ತಾರೆ. ಪ್ರೀತಿ ಇದ್ದರೆ ಸಾಕು, ಹಕ್ಕಿನ ಮಾತು ಯಾಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಮದುವೆಗೆ ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದಾಗ ಹಲವರು ನಕ್ಕರು. ನಮ್ಮ ಜಿಲ್ಲೆಯ ತೋಟದ ಹುಡುಗರ ಪರಿಸ್ಥಿತಿಯೂ ಅದಕ್ಕಿಂತ ಬಹಳ ಭಿನ್ನವಾಗಿಲ್ಲ. ಇಲ್ಲಿಯ ತಾಯಂದಿರು ಹೆಣ್ಣುಮಕ್ಕಳನ್ನು ಮೈಸೂರು, ಮಂಗಳೂರು, ಬೆಂಗಳೂರುಗಳಲ್ಲಿ ಓದಿಸಿ, ಕೆಲಸಕ್ಕೆ ಸೇರಿಸಿ, ಮತ್ತೆ ತೋಟದ ಮನೆಗೆ ಮಾತ್ರ ಕೊಡುವುದಿಲ್ಲವೆಂದು ಹಟ ಹಿಡಿಯುತ್ತಾರೆ. ಜುಲೈ ತಿಂಗಳಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಮನೆಯಲ್ಲಿ ಅಡುಗೆ ಮಾಡಿದವರು ಅವರೇ ತಾನೆ. ತಮ್ಮ ಮಗಳು ಬೇಡವೆಂದ ಬದುಕಿಗೆ ಬೆಂಗಳೂರಿನ ಇನ್ನೊಬ್ಬರ ಮಗಳು ನಗುನಗುತ್ತಾ ಬರುತ್ತಾಳೆ ಎಂಬ ಕಲ್ಪನೆ ಹಿತವಾಗಿಯೇ ಇದೆ. ಆದರೆ ಈ ಕಥೆಗಳ ಸಿಹಿ ಪೂರ್ತಿಯಾಗಿ ಗಂಡಿನ ಮನೆಯವರ ಪಾಲಿಗೆ ಹೋಗುತ್ತಿದೆ.

ಸುಂಟಿಕೊಪ್ಪದ ಹತ್ತಿರ ನನ್ನ ಬಂಧುಗಳಲ್ಲೇ ಇಂಥದ್ದೊಂದು ಜೋಡಿಯಿದೆ. 2020ರಲ್ಲಿ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಬಂದಾಗ ಅವಳು ಇಲ್ಲಿಗೆ ಬಂದಳು, ರಾಜೀನಾಮೆ ಕೊಡಲಿಲ್ಲ. ಮೊದಲ ಮಳೆಗಾಲದಲ್ಲಿ ನೆಟ್‌ವರ್ಕ್‌ಗಾಗಿ ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡು ಮೀಟಿಂಗ್ ಮುಗಿಸುತ್ತಿದ್ದವಳಿಗೆ ಅವನು ಕೊಟ್ಟ ಅತಿ ದೊಡ್ಡ ಉಡುಗೊರೆ ಎರಡು ಬ್ಯಾಟರಿಯ ಇನ್‌ವರ್ಟರ್. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಮಾತ್ರ ಕಾಫಿ ಮಾರುವ ದಿನ. ರೊಬಸ್ಟಾ ತಳಿಯ ಚೆರಿಯನ್ನು, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಇಲ್ಲಿ ಔಟ್‌ಟರ್ನ್ ನೋಡಿ ಕೊಳ್ಳುತ್ತಾರೆ, ಅಂದರೆ 50 ಕಿಲೋ ಚೀಲದಲ್ಲಿ ಸಿಪ್ಪೆ ಕಳೆದ ಮೇಲೆ ಎಷ್ಟು ಕಿಲೋ ಬೀಜ ಉಳಿಯುತ್ತದೆ ಎಂಬುದರ ಮೇಲೆ ದರ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ನೋಡಿ 26 ಎಂದರು. ಮನೆಯಲ್ಲಿ ತೂಗಿದಾಗ 27 ಬಂದಿತ್ತು, ಇನ್ನೊಂದು ಚೀಲದಿಂದ ತೆಗೆದು ನೋಡಿ ಎಂದಳು ಅವಳು. ಒಂದು ಅಂಕದ ವ್ಯತ್ಯಾಸವೆಂದರೆ ನೂರು ಚೀಲಕ್ಕೆ ನೂರು ಕಿಲೋ ಬೀಜ. ವ್ಯಾಪಾರಿ ಅವಳಿಗೆ ಉತ್ತರಿಸದೆ ಅವನ ಮುಖ ನೋಡಿದರು. ಅವನು, "ಅವರಿಗೇ ಹೇಳಿ ಅಣ್ಣಾ, ಲೆಕ್ಕ ಅವರದ್ದೇ" ಎಂದು ಚೀಲದ ಬಾಯಿ ಬಿಚ್ಚಿದ. ಎರಡನೇ ಸ್ಯಾಂಪಲ್ ಇಪ್ಪತ್ತಾರೂವರೆಗೆ ನಿಂತಿತು, ವ್ಯಾಪಾರವೂ ಅಲ್ಲಿಗೇ ಕುದುರಿತು. ಜೀಪು, ಮಂಜು, ಕಾಡುಹೂವುಗಳ ಯಾವ ದೃಶ್ಯದಲ್ಲೂ ನಾನು ಅಷ್ಟು ಪ್ರೇಮವನ್ನು ಕಂಡಿಲ್ಲ.

ಇನ್ನೊಂದು ಸಂಗತಿ ಊರಿನಲ್ಲಿ ಹೆಚ್ಚು ಚರ್ಚೆಯಾದದ್ದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕುಯ್ಲು ಮತ್ತು ಕಣದ ಕೆಲಸ, ಆಮೇಲೆ ಹೂಮಳೆಗೆ ಕಾಯುವುದು, ಮುಂಗಾರಿಗೆ ಮುನ್ನ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು. ಈ ತಿಂಗಳುಗಳಲ್ಲಿ ತೋಟದವನು ತೋಟದಲ್ಲೇ ಇರಬೇಕು. ಜೋರುಮಳೆಯ ವಾರಗಳಲ್ಲಿ ಕೆಲಸವೇ ಇರುವುದಿಲ್ಲವೆಂದಲ್ಲ, ಆದರೆ ದಿನದಿನವೂ ನಿಂತು ನೋಡಬೇಕಾದ್ದು ಕಡಿಮೆ. ಅವಳ ಕಚೇರಿ ಮತ್ತೆ ಬೆಂಗಳೂರಿಗೆ ಕರೆದಾಗ, ಮಳೆಗಾಲದಲ್ಲಿ ಅವನೇ ಅಲ್ಲಿಗೆ ಹೋಗಿರುವುದೆಂದು ಇಬ್ಬರೂ ತೀರ್ಮಾನಿಸಿದರು. ಅತ್ತೆಯವರು ಮಡಿಕೇರಿಯ ಮಗಳ ಮನೆಗೆ ಹೋದರು. ಊರಿನವರು ಅವನನ್ನು ಮನೆಅಳಿಯ ಎಂದು ಕರೆದರು. ಹೆಣ್ಣು ಹನ್ನೆರಡು ತಿಂಗಳಿಗೂ ಊರು ಬಿಟ್ಟರೆ ಅದು ಮದುವೆ, ಗಂಡು ಮೂರು ತಿಂಗಳು ಬಿಟ್ಟರೆ ಅದು ಗೇಲಿಯ ವಿಷಯ ಎನ್ನುವ ಈ ನ್ಯಾಯವನ್ನು ನಮ್ಮ ಕಥೆಗಳೂ ಗಟ್ಟಿ ಮಾಡುತ್ತಿವೆ ಎಂಬುದೇ ನನ್ನ ಸಿಟ್ಟು.

ಆದ್ದರಿಂದ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಆ ಹುಡುಗಿ ಕೊಡಗಿಗೆ ಬಂದ ಕಂತುಗಳನ್ನು ಬರೆದದ್ದಾಯಿತು; ಇನ್ನು ಅವನು ಬೆಂಗಳೂರಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ, ಅವಳು ಕಚೇರಿಗೆ ಹೋದ ಮೇಲೆ, ಮಾಡಲು ಕೆಲಸವಿಲ್ಲದೆ, ಪರಿಚಯದವರಿಲ್ಲದೆ, ಮಾದಾಪುರದಲ್ಲಿ ಎಷ್ಟು ಇಂಚು ಮಳೆಯಾಯಿತೆಂದು ಊರಿಗೆ ಫೋನು ಮಾಡುತ್ತಾ ಕೂರುವ ಕಂತುಗಳನ್ನು ಬರೆಯಿರಿ. ಅವನಿಗೆ ಅಲ್ಲಿ ಬೇಸರವಾಗಲಿ, ಜಗಳವಾಗಲಿ, ಒಂದೆರಡು ಸಲ ಅರ್ಧರಾತ್ರಿ ಬಸ್ಸು ಹತ್ತಿ ಮಡಿಕೇರಿಗೆ ಓಡಿಬರಲಿ. ಅಂಥ ಕಾದಂಬರಿಗೆ ಚಂದಾ ಕಟ್ಟಿ ಓದಲು ನಾನು ಸಿದ್ಧ.